ಯಾರದೋ ಮಾತು, ಯಾರದೋ ಖಾತೆ

ಬೆಳಗ್ಗೆ ಐದೂವರೆಗೆ ನನ್ನ ಫೋನು ಒಂದು ಸಲ ಟಿಂಗ್ ಅನ್ನುತ್ತೆ. ಹಾಲಿನವನು ಬರೋದು ಆರಕ್ಕೆ, ಪೇಪರಿನ ಹುಡುಗ ಆರೂಕಾಲಿಗೆ. ಅವರಿಬ್ಬರಿಗಿಂತ ಮುಂಚೆ ಬರೋದು ಪಕ್ಕದ ಮನೆ ರಾಯರ ಶುಭೋದಯ. ಒಂದು ಗುಲಾಬಿ, ಹೊಗೆಯಾಡುವ ಕಾಫಿ ಲೋಟ, ಹಿಂದೆ ಊಟಿಯೋ ಸ್ವಿಟ್ಜರ್ಲೆಂಡೋ ಗೊತ್ತಾಗದಂಥ ಬೆಟ್ಟ, ಅದರ ಮೇಲೊಂದು ಹಿತವಚನ. ರಾಯರು ಇರೋದು ನಮ್ಮ ಕಾಂಪೌಂಡ್ ಗೋಡೆಯಾಚೆ. ಅವರ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನಮ್ಮವಳು ಎಣಿಸಿ ಹೇಳ್ತಾಳೆ. ಅಷ್ಟು ಹತ್ತಿರ. ಆದರೂ ಶುಭೋದಯ ಮಾತ್ರ ಆಕಾಶಮಾರ್ಗವಾಗಿಯೇ ಬರಬೇಕು.

ಮೊನ್ನೆ ಬಂದದ್ದು ಹೀಗೆ: ದಿನಕ್ಕೆ ಮೂರು ಲೀಟರ್ ನೀರು ಕುಡಿದವನಿಗೆ ವೈದ್ಯರ ಹಂಗಿಲ್ಲವಂತೆ. ಕೆಳಗೆ ದಪ್ಪಕ್ಷರದಲ್ಲಿ, ಸರ್ವಜ್ಞ.

ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಲೀಟರ್! ಸರ್ವಜ್ಞ ಹದಿನಾರನೇ ಶತಮಾನದವನೋ ಹದಿನೇಳನೆಯದೋ ಅಂತ ವಿದ್ವಾಂಸರು ಇನ್ನೂ ಜಗಳ ಬಿಟ್ಟಿಲ್ಲ, ಆದರೆ ಲೀಟರು ಹುಟ್ಟಿದ್ದು ಫ್ರಾನ್ಸಿನಲ್ಲಿ, 1795ರಲ್ಲಿ. ಅದು ಹಡಗು ಹತ್ತಿ ನಮ್ಮೂರಿಗೆ ಬಂದು ಅಂಗಡಿಯಲ್ಲಿ ಕೂರೋ ಹೊತ್ತಿಗೆ 1960ರ ಆಸುಪಾಸಾಗಿತ್ತು. ಬಂದ ಮೇಲೂ ನಮ್ಮಜ್ಜಿ ಒಪ್ಪಲಿಲ್ಲ ಅನ್ನಿ. ಅಕ್ಕಿಗೆ ಸೇರು, ಹಾಲಿಗೆ ಪಾವು, ಎಣ್ಣೆಗೆ ಚಟಾಕು, ಕೊನೇ ಉಸಿರಿನ ತನಕ ಅಷ್ಟೇ. ಹಾಲಿನವನು ‘ಅರ್ಧ ಲೀಟರಾ ಅಮ್ಮಾ?’ ಅಂದರೆ ‘ಅದೇನೋ ನಿಂದು, ನನ್ನ ಪಾವಿನಲ್ಲಿ ಎರಡು ಹಾಕು’ ಅಂತಿದ್ದರು. ಆ ಹಿತ್ತಾಳೆ ಪಾವು ಈಗಲೂ ಇದೆ. ಸೊಸೆ ಅದರಲ್ಲಿ ಪೆನ್ನು, ಪೆನ್ಸಿಲು ನಿಲ್ಲಿಸಿದ್ದಾಳೆ.

ಎಲ್ಲಿದ್ದೆ? ಹಾಂ, ಸರ್ವಜ್ಞ. ಹಲ್ಲುಜ್ಜಿ ಹಿತ್ತಲಿಗೆ ಹೋದರೆ ರಾಯರು ಪ್ಲಾಸ್ಟಿಕ್ ಸ್ಟೂಲ್ ಹತ್ತಿ ನಿಂತು, ಗೋಡೆ ಮೇಲೆ ಬಾಗಿರೋ ನುಗ್ಗೆ ಮರದಿಂದ ದೋಟಿಯಲ್ಲಿ ಕಾಯಿ ಕೀಳುತ್ತಿದ್ದರು.

“ರಾಯರೇ, ಸರ್ವಜ್ಞನ ಕಾಲದಲ್ಲಿ ಲೀಟರ್ ಇತ್ತೇನ್ರೀ?”

“ಯಾರು ಹೇಳಿದ್ರೇನು ಸ್ವಾಮಿ, ನೀರು ಕುಡಿಯೋದು ಒಳ್ಳೇದೇ ತಾನೆ?”

ಇದಕ್ಕೇನು ಉತ್ತರ ಹೇಳ್ತೀರಿ? ಆ ಮನುಷ್ಯ ಜೀವಮಾನವಿಡೀ ಮೂರು ಸಾಲಿಗೆ ಒಂದು ಸಾಲೂ ಹೆಚ್ಚು ಕಡಿಮೆ ಮಾಡದೆ ತ್ರಿಪದಿ ಹೇಳಿದವನು, ಒಂದೂವರೆ ಸಾಲಿಗೆ ನೀರು ಕುಡಿಸಿ ಯಾಕೆ ಹೋದ ಅಂತ ಕೇಳಬೇಕು ಅಂತಿದ್ದೆ. ಅಷ್ಟರಲ್ಲಿ ಸ್ಟೂಲು ಅಲ್ಲಾಡಿತು. ಸುಮ್ಮನಾದೆ. ಆವತ್ತು ಎರಡು ಲೋಟ ನೀರು ಜಾಸ್ತೀನೇ ಕುಡಿದೆ, ಅದು ಬೇರೆ ಮಾತು.

ಸರ್ವಜ್ಞನ ಗ್ರಹಚಾರವೇ ಹಾಗೆ ಅಂತ ಕಾಣುತ್ತೆ. 2009ರ ಆಗಸ್ಟಿನಲ್ಲಿ ಆದದ್ದು ನಿಮಗೆ ನೆನಪಿರಬೇಕಲ್ಲ. ಒಂಬತ್ತನೇ ತಾರೀಕು ನಮ್ಮ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ತೆರೆದರು, ಹದಿಮೂರಕ್ಕೆ ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ. ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧದ ಹಾಗೆ. ನಾಲ್ಕು ದಿನದ ಅಂತರದಲ್ಲಿ ಎರಡು ಮದುವೆ, ಎರಡೂ ಕಡೆ ಅದೇ ಇಬ್ಬರು ಬೀಗರು, ಯಡಿಯೂರಪ್ಪನವರು ಮತ್ತು ಕರುಣಾನಿಧಿಯವರು. ಅದಕ್ಕೆ ಮುಂಚೆ ಆ ವಳ್ಳುವರ್ ಹಲಸೂರಿನಲ್ಲಿ 18 ವರ್ಷ ಮುಸುಕು ಹಾಕಿಕೊಂಡು ನಿಂತಿದ್ದರು. 1,330 ಕುರಳ್ ಹೇಳಿದವರು, ಎರಡೆರಡು ಸಾಲಿನಲ್ಲಿ ಲೋಕವನ್ನೆಲ್ಲ ಮುಗಿಸಿದವರು, ಹದಿನೆಂಟು ವರ್ಷ ಬಟ್ಟೆಯೊಳಗೆ ನಿಂತು ಏನು ಯೋಚನೆ ಮಾಡಿರಬಹುದು? ಹೊರಗೆ ಬಸ್ಸಿನ ಹಾರನ್ನು, ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ, ಚುನಾವಣೆ ಬಂದಾಗ ಆಟೋ ಮೈಕು. ಒಳಗೆ ಕವಿ. ಕೊನೆಗೆ ಮುಸುಕು ತೆಗೆಸಿದ್ದು ಕೂಡ ಒಬ್ಬ ಡೈಲಾಗ್ ರೈಟರ್ ಬಂದು. ಕರುಣಾನಿಧಿ ಅಂದರೆ 1952ರ ‘ಪರಾಶಕ್ತಿ’ಗೆ ಸಂಭಾಷಣೆ ಬರೆದು ತಮಿಳರನ್ನು ಎಬ್ಬಿಸಿ ಕೂರಿಸಿದವರು ತಾನೆ?

ನನಗೆ ಒಂದು ಅನುಮಾನ. ಮಾತುಗಳ ಲೋಕದಲ್ಲೂ ಒಂದು ಸಚಿವ ಸಂಪುಟ ಇದೆ. ಯಾರೋ ರಾತ್ರೋರಾತ್ರಿ ಖಾತೆ ಹಂಚಿಬಿಟ್ಟಿದ್ದಾರೆ. ನೀತಿ ಖಾತೆ ಸರ್ವಜ್ಞನಿಗೆ. ಕಷ್ಟ, ತಾಳ್ಮೆ, ವೇದಾಂತ ಎಲ್ಲ ಡಿವಿಜಿಯವರಿಗೆ. ಕನಸು ಮತ್ತು ವಿದ್ಯಾರ್ಥಿ ಕಲ್ಯಾಣ ಅಬ್ದುಲ್ ಕಲಾಂ ಸಾಹೇಬರಿಗೆ. ನಗೆ ಖಾತೆಗೆ ಸಂಪುಟ ದರ್ಜೆ ಕೈಲಾಸಂ, ರಾಜ್ಯ ಸಚಿವರು ಬೀಚಿ. ಕನ್ನಡದಲ್ಲಿ ಯಾರೇ ಶ್ಲೇಷೆ ಮಾಡಲಿ, ಹತ್ತು ವರ್ಷದೊಳಗೆ ಅದು ಕೈಲಾಸಂ ಹೆಸರಿಗೆ ಖಾತೆ ಬದಲಾವಣೆ ಆಗುತ್ತೆ. ಆ ಪುಣ್ಯಾತ್ಮರು ತಮ್ಮ ನಾಟಕಗಳನ್ನೇ ಕೈಯಾರೆ ಬರೆದದ್ದು ಕಡಿಮೆ, ಹೇಳಿ ಬರೆಸಿದ್ದೇ ಹೆಚ್ಚು. ಹಾಗಾಗಿ ಅವರ ಬಾಯಲ್ಲಿ ಇನ್ನೊಂದಷ್ಟು ಸೇರಿದರೆ ಕೇಳೋರಿಲ್ಲ ಅಂತ ಜನರ ಧೈರ್ಯ. ಗಂಡ ಹೆಂಡತಿ ಜಗಳದ ಜೋಕಾದರೆ ಅದು ಬೀಚಿಯವರ ತಿಂಮನಿಗೆ. ತಿಂಮ ಇಷ್ಟೆಲ್ಲ ಮಾತಾಡಿದ್ದರೆ ಊಟ ಯಾವಾಗ ಮಾಡುತ್ತಿದ್ದ ಅಂತ ನನಗೆ ಚಿಂತೆ.

ಇನ್ನು ಪ್ರಾಮಾಣಿಕತೆ ಖಾತೆ. ಅದು ಪೂರ್ತಿ ವಿಶ್ವೇಶ್ವರಯ್ಯನವರದು, ಬೇರೆಯವರಿಗೆ ಅರ್ಜಿ ಹಾಕೋಕೂ ಅವಕಾಶ ಇಲ್ಲ. ಎರಡು ಮೋಂಬತ್ತಿಯ ಕಥೆ ಕೇಳದೆ ಕರ್ನಾಟಕದಲ್ಲಿ ಯಾರೂ ಏಳನೇ ಕ್ಲಾಸು ದಾಟಿಲ್ಲ. ಸರ್ಕಾರಿ ಕೆಲಸ ಮಾಡುವಾಗ ಸರ್ಕಾರಿ ಮೋಂಬತ್ತಿ, ಸ್ವಂತ ಕಾಗದ ಬರೆಯುವಾಗ ಅದನ್ನು ಆರಿಸಿ ಸ್ವಂತದ್ದು. ನಾನೂ ನನ್ನ ಮಕ್ಕಳಿಗೆ ಹೇಳಿದೆ. ಆಮೇಲೆ ಬ್ಯಾಂಕಿನಲ್ಲಿ ಉತ್ತರದ ಕಡೆಯ ಒಬ್ಬ ಸಹೋದ್ಯೋಗಿ ಅದೇ ಕಥೆ ಹೇಳಿದರು, ಅಲ್ಲಿ ಮೋಂಬತ್ತಿ ಬದಲು ಎಣ್ಣೆ ದೀಪ, ಆರಿಸಿದ್ದು ಚಾಣಕ್ಯ. ಇನ್ನೊಬ್ಬರು, ನಮ್ಮ ಕ್ಯಾಶಿಯರ್ ಸಾಹೇಬರು, ಅದು ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ದೀಪ ಅಂದರು. ಒಂದೇ ದೀಪ ಮೂರು ಮನೆಯಲ್ಲಿ ಉರೀತಾ ಇದೆ! ಅದಿರಲಿ, ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾದದ್ದು 1912ರಲ್ಲಿ. ಸ್ವಿಚ್ಚು ಒತ್ತೋದು ಬಿಟ್ಟು ಮೋಂಬತ್ತಿ ಯಾಕೆ ಹುಡುಕಿದರು ಅಂತ ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ. ಪ್ರವಾಸಿ ಬಂಗಲೆಯಲ್ಲಿ ಇದ್ದಿರಬಹುದು ಬಿಡಿ. ಲೋಡ್ ಶೆಡ್ಡಿಂಗ್ ಆಗಲೇ ಶುರುವಾಗಿತ್ತು ಅಂತ ನಮ್ಮ ರಾಯರ ವಾದ.

ಈ ಖಾತೆ ಹಂಚಿಕೆ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಟೀವಿಯಲ್ಲಿ ವಾಕ್ ಸ್ವಾತಂತ್ರ್ಯದ ಚರ್ಚೆ ಬಂತು ಅಂದರೆ ಒಬ್ಬರಾದರೂ ವೋಲ್ಟೇರನನ್ನ ಎಳೆದು ತರ್ತಾರಲ್ಲ, ನಿನ್ನ ಮಾತು ನನಗೆ ಒಪ್ಪಿಗೆ ಇಲ್ಲ, ಆದರೆ ಆಡೋ ಹಕ್ಕಿಗೆ ಪ್ರಾಣ ಕೊಡ್ತೀನಿ ಅನ್ನೋ ಧಾಟಿಯದು? ಅದು ವೋಲ್ಟೇರ್ ಹೇಳಿದ್ದಲ್ಲ. ಅವನ ಬಗ್ಗೆ 1906ರಲ್ಲಿ ಪುಸ್ತಕ ಬರೆದ ಎವೆಲಿನ್ ಬಿಯಾಟ್ರಿಸ್ ಹಾಲ್ ಅನ್ನೋ ಇಂಗ್ಲಿಷ್ ಹೆಂಗಸು ಅವನ ಧೋರಣೆ ಹೀಗಿತ್ತು ಅಂತ ತನ್ನ ಮಾತಿನಲ್ಲಿ ಹೇಳಿದ್ದು. ಆಕೆ ಪುಸ್ತಕ ಹೊರಗೆ ತಂದದ್ದೂ ಎಸ್. ಜಿ. ಟ್ಯಾಲೆಂಟೈರ್ ಅಂತ ಕಾವ್ಯನಾಮದಲ್ಲಿ. ಸ್ವಂತ ಹೆಸರು ಮುಚ್ಚಿಟ್ಟರು, ಇಟ್ಟುಕೊಂಡ ಹೆಸರೂ ಉಳಿಯಲಿಲ್ಲ. ಅಡುಗೆ ಮಾಡಿದವರು ಒಬ್ಬರು, ಬಡಿಸಿದ ಪುಣ್ಯ ಇನ್ನೊಬ್ಬರಿಗೆ. ನಮ್ಮ ಮನೆಗಳಲ್ಲಿ ದಿನಾ ನಡೆಯೋದೇ ಅಲ್ವಾ?

ಈಗ ಒಂದು ತಪ್ಪೊಪ್ಪಿಗೆ. ರಾಯರನ್ನು ಆಡಿಕೊಳ್ಳೋಕೆ ನನಗೆ ಬಾಯಿಲ್ಲ.

ಬ್ಯಾಂಕಿನಲ್ಲಿದ್ದಾಗ ನಾನು ಕನ್ನಡ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಗೊತ್ತಲ್ಲ, ಶಾಮಿಯಾನದವನಿಗೆ ಅಡ್ವಾನ್ಸ್ ಕೊಡೋದು, ಹಾರ ತರೋದು, ಮೈಸೂರ್‌ಪಾಕಿನ ಡಬ್ಬಿ ಕಾಯೋದು. ಒಂದು ನವೆಂಬರಿನಲ್ಲಿ ಸ್ವಾಗತ ಭಾಷಣ ಮಾಡಬೇಕಾದವರಿಗೆ ಗಂಟಲು ಕಟ್ಟಿಕೊಂಡು ಮೈಕು ನನ್ನ ಕೈಗೆ ಬಂತು. ಕಗ್ಗದ 945 ಪದ್ಯಗಳಲ್ಲಿ ಒಂದನ್ನು ಬಾತ್‌ರೂಮಿನಲ್ಲಿ ಬಾಯಿಪಾಠ ಮಾಡಿಕೊಂಡೆ. ವೇದಿಕೆ ಹತ್ತಿ ‘ಡಿವಿಜಿಯವರು ಹೇಳಿದ ಹಾಗೆ’ ಅಂತ ಶುರು ಮಾಡಿದೆ ನೋಡಿ, ಅಲ್ಲಿಗೆ ಪದ್ಯ ಪರಾರಿ. ಮೊದಲ ಅಕ್ಷರವೂ ಇಲ್ಲ. ಇನ್ನೂರು ಜನ ಬಾಯಿ ಬಿಟ್ಟುಕೊಂಡು ಕಾಯ್ತಾ ಇದ್ದಾರೆ. ಪಕ್ಕಕ್ಕೆ ತಿರುಗಿದರೆ ಮುಖ್ಯ ಅತಿಥಿಗಳು. ಅವರಿಗೆ ಅಂತ ಶಾಮಿಯಾನದವನು ಸ್ಪೆಷಲ್ ಕುರ್ಚಿ ತಂದಿದ್ದ, ಮದುವೆ ರಿಸೆಪ್ಷನ್ನಿಗೆ ಹಾಕ್ತಾರಲ್ಲ ಅಂಥದ್ದು. ಕೆಂಪು ಮಖಮಲ್ಲು, ಚಿನ್ನದ ಬಣ್ಣದ ಅಂಚು, ಎರಡೂ ಕೈ ಕೆಳಗೆ ಸಿಂಹದ ತಲೆ. ಒಂದು ಸಿಂಹಕ್ಕೆ ಮೂಗಿರಲಿಲ್ಲ. ಅತಿಥಿಗಳು ಕುಳ್ಳಗಿನ ಸಾತ್ವಿಕ ಮನುಷ್ಯರು, ಆ ಕುರ್ಚಿಯಲ್ಲಿ ಕೂತರೆ ಪಾದ ನೆಲ ಮುಟ್ಟುತ್ತಿಲ್ಲ. ಅವರನ್ನು ನೋಡಿದ್ದೇ ತಡ, ನನ್ನ ಬಾಯಿಂದ ಬಂದುಬಿಡ್ತು: ‘ಕುರ್ಚಿ ದೊಡ್ಡದಾದಷ್ಟೂ ಕೂತವನು ಚಿಕ್ಕವನಾಗಿ ಕಾಣುತ್ತಾನೆ.’

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಚಪ್ಪಾಳೆ ಅಂದರೆ ಚಪ್ಪಾಳೆ. ಮೊದಲು ಕೈ ತಟ್ಟಿದ್ದೇ ಆ ಅತಿಥಿಗಳು. ಮೈಸೂರ್‌ಪಾಕ್ ಹಂಚುವಾಗ ಒಬ್ಬ ಹಿರಿಯರು ಬಂದು ಕೈ ಹಿಡಿದು ಕೇಳಿದರು, “ಎಷ್ಟನೇ ಕಗ್ಗ ಅದು?” ನಾನು “ಆರುನೂರರ ಆಸುಪಾಸು” ಅಂದೆ. ಅವರು “ಹೌದೌದು, ಅಲ್ಲೇ ಬರುತ್ತೆ” ಅಂತ ತಲೆಯಾಡಿಸಿದರು!

ಮಾರನೇ ವರ್ಷ ಅದೇ ಶಾಮಿಯಾನ, ಅದೇ ಮೂಗಿಲ್ಲದ ಸಿಂಹ. ಅತಿಥಿಗಳು ಮಾತ್ರ ಬೇರೆ, ಸ್ಥಳೀಯ ರಾಜಕಾರಣಿ, ಒಳ್ಳೇ ಎತ್ತರದ ಆಳು. ಭಾಷಣದ ನಡುವೆ ‘ಡಿವಿಜಿಯವರು ತಮ್ಮ ಕಗ್ಗದಲ್ಲಿ’ ಅಂತ ಹೇಳಿ ನನ್ನ ಕುರ್ಚಿ ಮಾತನ್ನು ನನ್ನ ಮುಂದೇನೇ ಒಪ್ಪಿಸಿದರು. ಅದರಲ್ಲೂ ನನ್ನ ಕಡೆ ನೋಡಿ, ಸರಿ ತಾನೆ ಅನ್ನೋ ಹಾಗೆ. ನಾನು ತಲೆಯಾಡಿಸಿದೆ. ಅವರು ಹೋಗಿ ಆ ಕುರ್ಚಿಯಲ್ಲೇ ಕೂತರು. ಇನ್ನೊಂದಷ್ಟು ವರ್ಷ ಬಿಟ್ಟು ನಮ್ಮ ಸರ್ಕಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಮೇಲೂ ಅದು ಬಂತು. ಮಾತು ನನ್ನದು, ಹೆಸರು ಡಿವಿಜಿಯವರದು, ಎಂಟಡಿ ಫೋಟೋ ಇನ್ಯಾರದೋ.

ರಾತ್ರಿ ನಿದ್ದೆ ಬರದಾಗ ಕೆಲವು ಸಲ ಅಪರಾಧಿ ಅನ್ನಿಸುತ್ತೆ. ಆದರೆ ಡಿವಿಜಿಯವರಿಗೆ 1970ರಲ್ಲಿ ಬೆಂಗಳೂರಿನ ಜನ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಕೊಟ್ಟರೆ, ಅಷ್ಟನ್ನೂ ತಮ್ಮ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟು ಕೈ ಕೊಡವಿಕೊಂಡ ಮನುಷ್ಯ. ಲಕ್ಷ ರೂಪಾಯಿಯನ್ನೇ ಇಟ್ಟುಕೊಳ್ಳದವರು ನನ್ನ ಒಂದು ಸಾಲು ಇಟ್ಟುಕೊಂಡು ಏನು ಮಾಡ್ತಾರೆ? ಅಂತ ಸಮಾಧಾನ ಮಾಡಿಕೊಂಡು ಮಗ್ಗುಲು ಬದಲಾಯಿಸ್ತೀನಿ.

ರಾಜಕಾರಣಿಗಳಿಗೂ ನಾಣ್ಣುಡಿಗೂ ಇರೋ ನಂಟು ಒಂಥರಾ ಮಜ. ಸಿದ್ದರಾಮಯ್ಯನವರು 2025ರಲ್ಲಿ ಮಂಡಿಸಿದ್ದು ಅವರ 16ನೇ ಬಜೆಟ್ಟು. ಗಂಟೆಗಟ್ಟಲೆ ಓದುವ ಆ ಪುಸ್ತಕಗಳಲ್ಲಿ ಬಸವಣ್ಣ, ಕುವೆಂಪು ಬಂದು ಹೋಗೋದು ವಾಡಿಕೆ. ದಿಲ್ಲಿ ಬಜೆಟ್ಟಿನಲ್ಲಿ ತಿರುಕ್ಕುರಳ್. ನನಗಂತೂ ಈಗ ಅಭ್ಯಾಸವಾಗಿಹೋಗಿದೆ, ಪದ್ಯ ಶುರುವಾಯಿತು ಅಂದರೆ ಜೇಬು ಮುಟ್ಟಿ ನೋಡಿಕೊಳ್ತೀನಿ. ಇಂಜೆಕ್ಷನ್ನಿಗೆ ಮುಂಚೆ ನರ್ಸಮ್ಮ ತಣ್ಣಗೆ ಸ್ಪಿರಿಟ್ ಹತ್ತಿ ಒರೆಸ್ತಾರಲ್ಲ, ಹಾಗೆ.

ಆದರೆ ಇಷ್ಟೆಲ್ಲ ಹುಡುಕಿ, ಕಾರ್ಯದರ್ಶಿಗಳು ತಡಕಾಡಿ ಸೇರಿಸಿದ ಪದ್ಯ ಯಾರ ಬಾಯಲ್ಲೂ ನಿಲ್ಲಲಿಲ್ಲ ನೋಡಿ. ನಿಂತದ್ದು ಯಾವುದು? 2019ರಲ್ಲಿ ಕಾಗವಾಡದ ಉಪಚುನಾವಣೆ ಸಭೆಯಲ್ಲಿ ಅದೇ ಸಿದ್ದರಾಮಯ್ಯನವರು ಇಂದಿರಾ ಗಾಂಧಿ ಹೆಸರು ಎತ್ತಿದಾಗ ಜನರ ನಡುವಿಂದ ಯಾರೋ ಒಬ್ಬಾತ ಕೂಗಿದ ‘ಹೌದ್ದ ಹುಲಿಯಾ’. ಎರಡೇ ಪದ. ನಮ್ಮ ಮೈಸೂರು ಕಡೆಯ ಬಾಯಿಗೆ ಆ ದ ಒತ್ತು ಸರಿಯಾಗಿ ಹತ್ತೋದೇ ಇಲ್ಲ, ಆದರೂ ನನ್ನ ಮೊಮ್ಮಗ ಹಾಲು ಕುಡಿದು ಲೋಟ ಕೆಳಗಿಟ್ಟು ಅದನ್ನೇ ಕೂಗ್ತಾನೆ. ಅದೇ ವರ್ಷ ಮಂಡ್ಯದ ಚುನಾವಣೆಯಲ್ಲಿ ‘ನಿಖಿಲ್ ಎಲ್ಲಿದ್ದೀಯಪ್ಪ’. ಅದು ಚುನಾವಣೆಗೆ ಅಂತ ಆಡಿದ ಮಾತೇ ಅಲ್ಲ. ಕುಮಾರಸ್ವಾಮಿಯವರು ಮಗನ ‘ಜಾಗ್ವಾರ್’ ಸಿನಿಮಾ ಕಾಲದ ಸಮಾರಂಭದಲ್ಲಿ ಪ್ರೀತಿಯಿಂದ ಮಗನನ್ನು ಕರೆದದ್ದು. ಸಂತೆಯಲ್ಲಿ ನಾವೂ ನೀವೂ ಮಕ್ಕಳನ್ನ ಕರೆಯಲ್ವಾ, ಅದೇ ಥರ. ಮೂರು ವರ್ಷ ಬೀರುವಿನಲ್ಲಿ ಮಲಗಿದ್ದ ಮಾತು ಎದ್ದು ಬಂದು ಊರೆಲ್ಲ ಸುತ್ತಿತು. ಆ ಚುನಾವಣೆಯೇ ಹಾಗಿತ್ತು ಬಿಡಿ. ಒಂದೇ ಕ್ಷೇತ್ರದಲ್ಲಿ ನಾಲ್ಕು ಜನ ಸುಮಲತಾ ನಿಂತಿದ್ದರು. ಮಾತಿಗೆ ಹೆಸರು ಅದಲು ಬದಲಾಗೋದು ಇರಲಿ, ಹೆಸರಿಗೇ ಹೆಸರು ಅಡ್ಡ ಬಂದಿತ್ತು.

ಪಾತ್ರ ಮೈಗಂಟಿಕೊಳ್ಳೋದು ಇನ್ನೊಂದು ಕಥೆ. 1980ರಲ್ಲಿ ಕಲಾಗಂಗೋತ್ರಿಯವರು ‘ಮುಖ್ಯಮಂತ್ರಿ’ ನಾಟಕ ಆಡಿದರು. ನಟ ಚಂದ್ರು ಆವತ್ತು ಮುಖ್ಯಮಂತ್ರಿಯಾದವರು ಇಳಿಯಲೇ ಇಲ್ಲ. ಗುಂಡೂರಾಯರಿಂದ ಹಿಡಿದು ಸಿದ್ದರಾಮಯ್ಯನವರ ತನಕ ಲೆಕ್ಕ ಹಾಕಿ, ಬಂದವರೇ ಮತ್ತೆ ಬಂದದ್ದನ್ನು ಬಿಟ್ಟರೂ 16 ಜನ ಆಗ್ತಾರೆ. ಕೆಲವು ಸಲ ಆ ಕುರ್ಚಿಯಲ್ಲಿ ಒಂದು ವಾರ ತಳ ಊರಿದ್ದೂ ಕಷ್ಟ. ಚಂದ್ರು ಮಾತ್ರ ಬಹುಮತದ ಗೋಜಿಲ್ಲ, ರೆಸಾರ್ಟಿನ ಬಿಲ್ಲಿಲ್ಲ, ಹೆಸರಿನ ಮುಂದೆ ಪದವಿ ಕಟ್ಟಿಕೊಂಡು ನಾಲ್ಕು ದಶಕ ದಾಟಿಸಿದರು. ನಡುವೆ 1985ರಲ್ಲಿ ಗೌರಿಬಿದನೂರಿನಿಂದ ನಿಜವಾಗಿ ಶಾಸಕರೂ ಆದರು. ಮುಖ್ಯಮಂತ್ರಿ ಆದ ಮೇಲೆ ಶಾಸಕ ಆದದ್ದು!

ಹಳಬರು ಈ ಹೆಸರಿನ ರಗಳೆಯನ್ನು ಬೇರೆ ಥರ ಬಗೆಹರಿಸಿಕೊಂಡಿದ್ದರು. ಮಾತಿನ ಬಾಲಕ್ಕೆ ಅಂಕಿತ ಕಟ್ಟಿಬಿಡೋದು. ಕೂಡಲಸಂಗಮದೇವ ಅಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಗುಹೇಶ್ವರ ಅಂದರೆ ಅಲ್ಲಮ. ಹೆಸರೂ ತಮ್ಮದಲ್ಲ, ದೇವರದು. ಕದಿಯೋನಿಗೂ ಸ್ವಲ್ಪ ಭಯ ಇರಲಿ ಅಂತಲೋ ಏನೋ. ಅಂಕಿತ ಅಂದರೆ ನಮ್ಮವರಿಗೆ ಹುಡುಗಾಟವೂ ಅಲ್ಲ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಇದ್ದ ಕಡೆ ಲಿಂಗದೇವ ಹಾಕಿದರು ಅಂತ 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಒಂದು ಅಂಕಿತದ ಜಗಳ ದಿಲ್ಲಿಯವರೆಗೆ ಹೋಗಿ ಬಂತು.

ರಾಜಕುಮಾರ್ ಮಾಡಿದ್ದು ಇದನ್ನೇ ತಿರುಗಿಸಿ. ವಚನಕಾರರು ಕೊನೆಗೆ ದೇವರನ್ನು ಕೂರಿಸಿದರು, ಅಣ್ಣಾವ್ರು ಮೊದಲಿಗೇ ಕೂರಿಸಿದರು, ‘ಅಭಿಮಾನಿ ದೇವರುಗಳೇ’ ಅಂತ. ಆಮೇಲೆ ಏನೇ ಹೇಳಲಿ, ಅಷ್ಟರಲ್ಲೇ ಸಭೆ ಕರಗಿ ನೀರು. ರಾಜಕಾರಣಿಗಳೂ ‘ಮತದಾರ ಪ್ರಭುಗಳೇ’ ಅಂತ ಶುರುಹಚ್ಚುತ್ತಾರೆ, ಕೇಳೋಕೆ ಹೆಚ್ಚು ಕಡಿಮೆ ಒಂದೇ. ಆದರೆ ಗೋಕಾಕ್ ಚಳವಳಿಯಲ್ಲಿ ಊರೂರು ಸುತ್ತಿ, ಅಷ್ಟು ಜನರನ್ನು ಕಣ್ಣಾರೆ ಕಂಡ ಮೇಲೂ ಈ ಮನುಷ್ಯ ಒಂದು ಓಟು ಕೇಳಲಿಲ್ಲ. ಜನಕ್ಕೂ ವ್ಯತ್ಯಾಸ ಗೊತ್ತಾಗುತ್ತೆ ಅಲ್ವಾ?

ಇಷ್ಟೆಲ್ಲ ಯೋಚನೆ ಮಾಡಿಕೊಂಡು ಒಂದು ವಾರ ಆರಾಮಾಗಿದ್ದೆ. ನಿನ್ನೆ ಬೆಳಗ್ಗೆ ಐದೂವರೆಗೆ ಟಿಂಗ್. ಗುಲಾಬಿ, ಕಾಫಿ ಲೋಟ, ಬೆಟ್ಟ. ಬೆಟ್ಟದ ಮೇಲೆ ನನ್ನ ಕುರ್ಚಿ! ಅಕ್ಷರ ಅಕ್ಷರವೂ ಅದೇ. ಕೆಳಗೆ ಡಿವಿಜಿ ಇಲ್ಲ, ಅಬ್ದುಲ್ ಕಲಾಂ. ಪಾಪದ ಮಾತಿಗೆ ದಿಲ್ಲಿಗೆ ಪ್ರಮೋಷನ್ನು.

ತಡೆಯಲಿಲ್ಲ ನನಗೆ. ಹಲ್ಲೂ ಉಜ್ಜದೆ ಹಿತ್ತಲಿಗೆ ಹೋದೆ. ರಾಯರು ದೋಟಿ ಹಿಡಿದು ಸ್ಟೂಲಿನ ಮೇಲಿದ್ದರು. “ರಾಯರೇ, ಇವತ್ತು ಕಳಿಸಿದ್ದೀರಲ್ಲ, ಅದು ನಾನು ಹೇಳಿದ್ದು” ಅಂತ ಶಾಮಿಯಾನ, ಸಿಂಹ, ಮೈಸೂರ್‌ಪಾಕ್ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು. ಕೇಳಿ, ನನ್ನನ್ನ ಕನಿಕರದಿಂದ ನೋಡಿದರು.

“ಏನು ಸ್ವಾಮಿ ನೀವು, ಇಷ್ಟು ವಯಸ್ಸಾಗಿ ಕಲಾಂ ಸಾಹೇಬ್ರ ಮಾತನ್ನ ನಂದು ಅಂತೀರಲ್ಲ. ಹೋಗ್ಲಿ, ತಗೊಳ್ಳಿ” ಅಂತ ನಾಲ್ಕು ನುಗ್ಗೆಕಾಯಿ ಗೋಡೆ ಮೇಲಿಂದ ಚಾಚಿದರು. “ನಮ್ಮನೇದು, ಎಳೇದಾಗಿದೆ. ಹುಳಿಗೆ ಹಾಕ್ಸಿ.”

ಹುಳಿ ಚೆನ್ನಾಗಿತ್ತು. ಮರ ನಮ್ಮದು.